ಟೈರಣ್ಣನ ರಾಜೀನಾಮೆ

ಕಾರ್ಯದರ್ಶಿ ಪಕ್ಷದ ಬಾವುಟ ಕೊಡವಿ ದೇಹಕ್ಕೆ ಹೊದಿಸಲು ಬಗ್ಗಿದಾಗ, ಸತ್ತವನ ಹೆಂಡತಿ ಅದರ ಅಂಚು ಹಿಡಿದುಕೊಂಡಳು.

“ಮೊದ್ಲು ಇವರ ರಾಜೀನಾಮೆ ಒಪ್ಕೊಳ್ಳಿ. ಆಮೇಲೆ ಎತ್ತೋಣ.”

ಬಾಗಿಲಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಸತ್ತವನು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈರು ಬದಲಿಸಿದವನು, ಎಲ್ಲರ ಬಾಯಲ್ಲೂ ಟೈರಣ್ಣ. ಪಕ್ಷದಲ್ಲೂ ಅಷ್ಟೇ ವರ್ಷ ದುಡಿದಿದ್ದ. ಇದೆಲ್ಲ ಮಾತಾಡುವ ಹೊತ್ತಲ್ಲ ಅತ್ತಿಗೆ, ಎಂದು ಕಾರ್ಯದರ್ಶಿ ಗೊಣಗಿದ. ಹಾಗಾದರೆ ಹೊತ್ತು ಯಾವುದು ಎಂದು ಅವಳು ಕೇಳಿದಳು. ನಾಲ್ಕು ವರ್ಷದಲ್ಲಿ ಏಳು ಕಾಗದ ಹೋಗಿದ್ದವು. ಏಳಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಟೈರು ಬದಲಿಸುವವನೊಬ್ಬ ಸಾಕಪ್ಪಾ ಸಾಕು ಎಂದರೆ ಅದರಲ್ಲಿ ಪರಿಶೀಲಿಸುವುದೇನಿತ್ತೋ!

*

ನಾಲ್ಕು ವರ್ಷದ ಹಿಂದೆ ಬಸ್ಸು ತೊಳೆಯುವ ಹನ್ನೊಂದು ಹೆಂಗಸರನ್ನು ಡಿಪೋ ಕೆಲಸದಿಂದ ತೆಗೆದಾಗ, ಪಕ್ಷ ನಿಮ್ಮ ಬೆನ್ನಿಗಿದೆ ಎಂದು ಮಾತು ಕೊಟ್ಟವನು ಟೈರಣ್ಣ. ಅವನನ್ನು ನಂಬಿ ಅವರು ಒಂಬತ್ತು ದಿನ ಗೇಟಿನ ಮುಂದೆ ಕೂತರು. ಹತ್ತನೇ ದಿನ ಕಾರ್ಯದರ್ಶಿ ಮ್ಯಾನೇಜರನ ಕೋಣೆಯಲ್ಲಿ ಚಹಾ ಕುಡಿದು ಬಂದು, ಚುನಾವಣೆ ಮುಗಿಯುವ ತನಕ ಎಲ್ಲರೂ ತೆಪ್ಪಗಿರಬೇಕೆಂದ. ಅದನ್ನು ಹೆಂಗಸರಿಗೆ ತಿಳಿಸುವ ಕೆಲಸವೂ ಟೈರಣ್ಣನ ತಲೆಗೇ ಬಿತ್ತು.

ಮನೆಗೆ ಬಂದವನು ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. “ನಾನೇ ಕೂರ್ಸಿದ್ದೆ, ನಾನೇ ಎಬ್ಬಿಸಿ ಬಂದೆ ಕಣೇ,” ಎಂದ. ಮೊದಲ ಕಾಗದ ಬರೆದದ್ದು ಅಂದೇ. ಏಳನೆಯದನ್ನು ಆಸ್ಪತ್ರೆಯ ಮಂಚದ ಮೇಲೆ ಬರೆಸಿದ. ಆ ಪಕ್ಷದವರ ಮನುಷ್ಯನಾಗಿ ಸಾಯೋಕೆ ನನ್ನ ಬಿಡಬೇಡ ಎಂದು ಹೆಂಡತಿಯನ್ನು ಗೋಗರೆದ.

*

ಸಮಿತಿ ಸೇರದೆ ಏನೂ ಮಾಡುವಂತಿಲ್ಲ ಎಂದ ಕಾರ್ಯದರ್ಶಿ. ಸಮಿತಿಯವರೆಲ್ಲ ಇಲ್ಲೇ ಇದ್ದೀರಲ್ಲ, ಕುರ್ಚಿ ಹಾಕಿಸ್ತೀನಿ ಎಂದಳು ಅವಳು.

ಬಿಸಿಲೇರುತ್ತಿತ್ತು. ಯಾರಿಗೂ ವಾದ ಮಾಡುವ ತ್ರಾಣವಿರಲಿಲ್ಲ. ಆರು ಮಂದಿ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಐದೇ ನಿಮಿಷದಲ್ಲಿ ಮುಗಿಸಿದರು. ಏಳನೇ ಕಾಗದದ ನಕಲಿನ ಕೆಳಗೆ ಕಾರ್ಯದರ್ಶಿ ‘ಅಂಗೀಕರಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ. ಅವಳು ಎರಡು ಸಲ ಓದಿದಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

“ಇನ್ನು ಅವನು ನಮ್ಮವನಲ್ಲ. ನಡೀರಿ,” ಎಂದು ಕಾರ್ಯದರ್ಶಿ ಬಾವುಟ ಮಡಚಿದ.

ಸಮಿತಿಯವರು ಒಬ್ಬೊಬ್ಬರಾಗಿ ಎದ್ದರು. ಹೆಗಲು ಕೊಡಲು ಉಳಿದವರು ಮಗ, ಅಳಿಯ ಮತ್ತು ಪಕ್ಕದ ಮನೆಯ ಮೇಷ್ಟ್ರು. ಮೂವರೂ ಚಟ್ಟದ ಮೂರು ಮೂಲೆ ಹಿಡಿದು ಸುತ್ತ ನೋಡಿದರು.

ಸಮಿತಿಯ ಹಿರಿಯ, ಡಿಪೋದ ಮುದಿ ಡ್ರೈವರ್, ಅಂಗಳದ ಗೇಟು ದಾಟಿದವನು ತಿರುಗಿ ಬಂದ. ಅಂಗಿಯ ಮೇಲಿನ ಪಕ್ಷದ ಬ್ಯಾಡ್ಜು ಬಿಚ್ಚಲು ನೋಡಿದ. ತುಕ್ಕು ಹಿಡಿದ ಪಿನ್ನು ಕದಲಲಿಲ್ಲ. ಜಗ್ಗಿದ. ಬ್ಯಾಡ್ಜಿನ ಜೊತೆ ಜೇಬೂ ಕಿತ್ತು ಬಂತು. ಎರಡನ್ನೂ ಕುರ್ಚಿಯ ಮೇಲಿಟ್ಟು, ಹರಿದ ಅಂಗಿಯಲ್ಲೇ ಬಂದು ನಾಲ್ಕನೇ ಮೂಲೆಗೆ ಹೆಗಲು ಕೊಟ್ಟ.