ಐದೂ ಕಾಲಿಗೆ ಮುಳುಗುವ ಸೂರ್ಯ

ಮೂಡಲಹಟ್ಟಿಯಲ್ಲಿ ಸೂರ್ಯ ಐದೂ ಕಾಲಿಗೇ ಮುಳುಗುತ್ತಾನೆ. ಕೊರಟಗೆರೆಯಿಂದ ಮಧುಗಿರಿ ಕಡೆಗೆ ಹೋಗುವಾಗ ಸಿಗುವ ಬೆಟ್ಟಗಳಲ್ಲಿ ಒಂದರ ಬುಡಕ್ಕೆ, ಮೂಡಣ ಮಗ್ಗುಲಿಗೆ ಅಂಟಿಕೊಂಡ ಊರು ಅದು. ಪಡುವಣಕ್ಕೆ ತಲೆ ಎತ್ತಿದರೆ ಬರೀ ಬಂಡೆ. ಬಿಸಿಲು ಇನ್ನೂ ಚುರುಗುಟ್ಟುತ್ತಿರುವಾಗಲೇ ಸೂರ್ಯ ಬಂಡೆಯ ಹಿಂದಕ್ಕೆ ಸರಿದುಬಿಡುತ್ತಾನೆ. ಬೆಟ್ಟದ ನೆರಳು ಇಳಿದು ಬಂದು ನೀರಿನ ಟ್ಯಾಂಕು ಮುಟ್ಟಿತೆಂದರೆ ಊರವರ ಬಾಯಲ್ಲಿ ಹೊತ್ತು ಮುಳುಗಿದ ಹಾಗೆಯೇ. ಆಮೇಲೂ ಒಂದು ಗಂಟೆ ಬೆಳಕಿರುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಇರುತ್ತದಪ್ಪ, ಅದಕ್ಕೇನೀಗ ಎನ್ನುತ್ತಾರೆ.

ಆ ಟ್ಯಾಂಕಿನ ಯಜಮಾನ ಕದಿರಯ್ಯ, ಪಂಚಾಯ್ತಿಯ ವಾಟರ್‌ಮನ್. ಬೆಳಿಗ್ಗೆ ಒಂದು ಸಲ, ನೆರಳು ಟ್ಯಾಂಕು ಮುಟ್ಟಿದಾಗ ಇನ್ನೊಂದು ಸಲ ವಾಲ್ವು ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವವನು. ಇಡೀ ಊರು ಬಿಂದಿಗೆ ಹಿಡಿದು ತನ್ನ ವಾಚು ನೋಡುತ್ತದೆ ಎಂಬ ಜಂಬ ಅವನಿಗೆ ಸ್ವಲ್ಪ ಇತ್ತು. ಇರಲಿ, ಅಷ್ಟಾದರೂ ಬೇಡವೇ?

ಅವನ ಮಗಳು ಸಹನಾ ವೈ.ಎನ್.ಹೊಸಕೋಟೆಯ ಹೈಸ್ಕೂಲಿನಲ್ಲಿ ಟೀಚರು. ದೀಪಾವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಳು. ಕಾರು ಮನೆ ಮುಂದೆ ನಿಂತ ದಿನ ತಾಯಿ ಪಾಪಕ್ಕನನ್ನು, "ಎಲ್ಲಿಗೆ ಕರ್ಕಂಡು ಹೋಗ್ಲಮ್ಮ?" ಎಂದು ಕೇಳಿದಳು. ದೇವಸ್ಥಾನದ ಹೆಸರು ಬರುತ್ತದೆ ಅಂದುಕೊಂಡಿದ್ದಳು. ಪಾಪಕ್ಕ ಸೆರಗಿನಿಂದ ಕಾರಿನ ಗಾಜು ಒರೆಸುತ್ತಾ ಹೇಳಿದಳು, "ಹೊತ್ತು ಪೂರಾ ಮುಳುಗೋದು ನೋಡ್ಬೇಕು ಕಣಮ್ಮ. ಸಮುದ್ರದಾಗೆ ಕೆಂಪಗಾಗಿ ನೀರೊಳಕ್ಕೆ ಇಳೀತದಂತಲ್ಲ. ನಮ್ಮ ಬೆಟ್ಟ ಬೆಳ್ಳಗಿದ್ದಂಗೇನೇ ನುಂಗಾಕ್ಬುಡ್ತದೆ."

ಪಾಪಕ್ಕ ಹುಟ್ಟಿದ್ದೂ ಮೂಡಲಹಟ್ಟಿಯಲ್ಲೇ, ಸೇರಿದ್ದೂ ಅಲ್ಲೇ. ಸೋದರಮಾವನ ಮಗನಿಗೆ ಕೊಟ್ಟಿದ್ದರಿಂದ ಬೀದಿ ಮಾತ್ರ ಬದಲಾಯಿತು. ಸಂತೆಗೆ ಹೋದರೂ ಕತ್ತಲಾಗುವ ಮೊದಲು ಮನೆ ಸೇರಬೇಕು. ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಆಸೆ ಇದೊಂದೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಹೊರಡುವುದೆಂದಾಯಿತು. ಭಾನುವಾರ ರಾತ್ರಿಯೊಳಗೆ ವಾಪಸು. ಅದಕ್ಕಿಂತ ಹೆಚ್ಚಿಗೆ ಒಂದು ಗಳಿಗೆಯೂ ಇಲ್ಲ, ಯಾಕೆಂದರೆ ಕದಿರಯ್ಯನ ಬದಲಿಗೆ ನೀರು ಬಿಡಲು ಒಪ್ಪಿದ ಪಕ್ಕದ ಮನೆಯ ಪ್ರಭುದೇವ್ ಎರಡು ದಿನಕ್ಕೆ ಮಾತ್ರ ಒಪ್ಪಿದ್ದ. ಅಂದರೆ ಪಾಪಕ್ಕನಿಗೆ ಸಿಗುವುದು ಒಂದೇ ಸಾಯಂಕಾಲ. ಅದು ತಪ್ಪಿದರೆ ಮತ್ತೆ ಯಾವ ಕಾಲಕ್ಕೋ.

ಪ್ಲಾನು ಹಾಕಲು ಮೂವರೂ ಜಗಲಿ ಮೇಲೆ ಕೂತರು. ಶಿರಾ, ಹಿರಿಯೂರು, ಹೊಳಲ್ಕೆರೆ, ಶಿವಮೊಗ್ಗ, ಹೊಸನಗರ, ಕೊಲ್ಲೂರು ಘಾಟಿ ಇಳಿದು ಬೈಂದೂರು, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಮರವಂತೆ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ರಸ್ತೆ ಎಂದು ಸಹನಾ ಫೋನಿನಲ್ಲಿ ಫೋಟೋ ತೋರಿಸಿದಳು. ಮ್ಯಾಪು ಒಂಬತ್ತು ಗಂಟೆಗೂ ಕಮ್ಮಿ ದಾರಿ ಅಂತಿತ್ತು.

"ಆ ಫೋನಿಗೇನು, ಉಚ್ಚೆ ಬತ್ತದಾ, ಹಸಿವಾಯ್ತದಾ?" ಎಂದ ಕದಿರಯ್ಯ. "ಅದು ಹೇಳಿದ್ದಕ್ಕೆ ಕಾಲುಭಾಗ ಸೇರ್ಸು. ಘಾಟಿಗೆ ಬ್ಯಾರೆ ಸೇರ್ಸು. ಮೀನು ಲಾರಿಗೆ ಬ್ಯಾರೆ."

ಮಾತು ಸರಿಯೇ ಇತ್ತು. ಸಹನಾ ಕಾರು ಕಲಿತದ್ದು ಹೊಸಕೋಟೆಯಿಂದ ಪಾವಗಡದ ರಸ್ತೆಯಲ್ಲಿ. ಅಲ್ಲಿ ಎದುರಿಗೆ ಬಂದರೆ ಒಂದು ಕುರಿ ಮಂದೆ ಬರಬೇಕು. ಕಡಲ ದಾರಿಗೂ ಅದೇ ಲೆಕ್ಕ ಹಾಕಿಕೊಂಡಿದ್ದಳು.

"ಐದು ಗಂಟೆ ಹೊತ್ಗೆ ನೀರಿನ ಮುಂದೆ ಇರ್ಬೇಕು. ಐದೂ ಕಾಲಿಗೆ ಹೊತ್ತು ಮುಳುಗ್ತದೆ," ಎಂದು ಕದಿರಯ್ಯ ತೀರ್ಪು ಕೊಟ್ಟ.

ಸಹನಾ ಫೋನಿನಲ್ಲಿ ನೋಡಿದಳು. ಮರವಂತೆಯಲ್ಲಿ ಆ ದಿನ ಸೂರ್ಯ ಮುಳುಗುವುದು ಆರೂವರೆಗೆ ಸ್ವಲ್ಪ ಮುಂಚೆ. ಅಪ್ಪ ಟ್ಯಾಂಕಿನ ನೆರಳನ್ನು ಸಮುದ್ರಕ್ಕೂ ಹೊತ್ತುಕೊಂಡು ಹೋಗುತ್ತಿದ್ದಾನೆ! ಹೇಳಬೇಕೆಂದು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಒಂದು ಗಂಟೆ ಮಿಕ್ಕಿದೆ ಎಂದು ಗೊತ್ತಾದರೆ ಅಪ್ಪ ಅದನ್ನು ಮಿಗಿಸುವ ಆಸಾಮಿಯಲ್ಲ. ದಾರಿಯಲ್ಲಿ ಯಾರೋ ಗುರುತಿನವರು, ಯಾವುದೋ ಹೊಸ ಮಾದರಿಯ ಮೋಟರು ಪಂಪು, ಎಲ್ಲಿಯೋ ಒಂದು ಕಡೆ ವಾಲ್ವು ತಿರುಗಿಸಿ ಖಾಲಿ ಮಾಡಿಬಿಡುತ್ತಾನೆ. ಈ ಗಂಟೆ ಅಮ್ಮನದು, ನನ್ನ ಹತ್ತಿರವೇ ಇರಲಿ ಅಂದುಕೊಂಡಳು.

ಹೊರಡುವ ದಿನ ಕದಿರಯ್ಯ, ಬೆಳಗಿನ ನೀರು ನಾನೇ ಬಿಟ್ಟು ಬರುತ್ತೇನೆ ಎಂದು ಹಟ ಹಿಡಿದ. ಹೊರಡುವಾಗ ಬಿಸಿಲು ಬಂದಿತ್ತು. ಮಧುಗಿರಿ ದಾಟಿದರು, ಬಡವನಹಳ್ಳಿ ದಾಟಿದರು, ಶಿರಾ ದಾಟಿ ಹೈವೇ ಹತ್ತಿದರು. ಪಾಪಕ್ಕ ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ಕೆಳಗಿಡಮ್ಮ ಅಂದರೂ ಇಡಲಿಲ್ಲ.

ತಾವರೆಕೆರೆ ಹತ್ತಿರ ಬಂದಾಗ ಕದಿರಯ್ಯ ಗಂಟಲು ಸರಿಮಾಡಿಕೊಂಡ. ಅವನ ಅಕ್ಕ ಚಿಕ್ಕಹನುಮಕ್ಕನ ಮನೆ ಅಲ್ಲೇ.

"ಅಕ್ಕನ ಮನೆ ಮುಂದ್ಲಿಂದ ಕಾರು ಓಡುಸ್ಕಂಡು ಹೋದ್ರೆ ನಾಳೆ ಮುಖ ಹೆಂಗೆ ತೋರ್ಸನಾ? ಕಾಫಿ ಕುಡ್ದು ಎದ್ಬುಡಾನ. ನಾನು ಬರ್ತೀನಂತ ಹೇಳೇ ಇಲ್ಲ ಕಣಮ್ಮ. ಹೇಳಿದ್ರೆ ಅಡುಗೆ ಮಾಡಿ ಕುಂಡ್ರುಸ್ಕಂತಾಳೆ ಅಂತ."

ಇಂಥ ಬುದ್ಧಿವಂತಿಕೆ ಮೂಡಲಹಟ್ಟಿಯವರಿಗೇ ಬರಬೇಕು. ಹೇಳಿದ್ದರೆ ಚಿಕ್ಕಹನುಮಕ್ಕ ಅಡುಗೆ ಮಾಡಿಟ್ಟಿರುತ್ತಿದ್ದಳು, ಉಂಡು ಏಳುತ್ತಿದ್ದರು. ಹೇಳದೆ ಹೋದದ್ದರಿಂದ ಎಲ್ಲವೂ ಕೋಳಿ ಹಿಡಿಯುವಲ್ಲಿಂದ ಶುರುವಾಯಿತು. ತಮ್ಮ ಬಂದಿದ್ದಾನೆ, ಅದೂ ಕಾರಿನಲ್ಲಿ, ಅದೂ ಮಗಳು ಓಡಿಸಿದ ಕಾರಿನಲ್ಲಿ. ಬರೀ ಬಾಯಲ್ಲಿ ಕಳಿಸುವುದು ಉಂಟೆ? ಕೋಳಿಯೋ, ಅದಕ್ಕೂ ಸಮುದ್ರ ನೋಡುವ ಆಸೆ ಇದ್ದಂತೆ ಬೇಲಿ ಹಾರಿ ಪಡುವಣ ದಿಕ್ಕಿಗೆ ಓಡಿತು. ಅದು ಸಿಕ್ಕಿ, ಸುಟ್ಟು, ಕೊಯ್ದು, ಮಸಾಲೆ ಅರೆದು, ಮುದ್ದೆ ತಿರುವಿ ಎಲೆ ಮುಂದೆ ಕೂರುವ ಹೊತ್ತಿಗೆ ಸಹನಾ ಮೂರು ಸಲ ಬೀಗದ ಕೈ ಹಿಡಿದು ಬಾಗಿಲಿಗೆ ಬಂದು ಹೋಗಿದ್ದಳು.

"ಸಮುದ್ರ ಎಲ್ಲೋಯ್ತದೆ? ಅಲ್ಲೇ ಬಿದ್ದಿರ್ತದೆ, ಉಣ್ಣು ಕಣೇ," ಎಂದಳು ಅತ್ತೆ, ಸಾರು ಬಡಿಸುತ್ತಾ.

"ಸಮುದ್ರ ಎಲ್ಲೂ ಹೋಗಲ್ಲ ಅತ್ತೆ, ಸೂರ್ಯ ಹೋಗ್ತಾನೆ," ಎಂದಳು ಸಹನಾ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾರು ರುಚಿಯಾಗಿತ್ತು, ಅದನ್ನೂ ಹೇಳಬೇಕು.

ಅಲ್ಲಿಂದ ಎದ್ದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಹೊಳಲ್ಕೆರೆ ದಾಟಿದ ಮೇಲೂ ಕದಿರಯ್ಯ ಉಂಡ ಜೋಂಪಿನಲ್ಲಿ ಗೊರಕೆ ಹೊಡೆದ. ಶಿವಮೊಗ್ಗದ ಟ್ರಾಫಿಕ್ಕಿನಲ್ಲಿ ಎಚ್ಚರವಾಗಿ ವಾಚು ನೋಡಿಕೊಂಡ. ಹೊಸನಗರ ದಾಟಿದ ಮೇಲೆ ರಸ್ತೆ ಸಣ್ಣದಾಯಿತು, ತಿರುವು ಮೇಲೆ ತಿರುವು. ಬಯಲಿನ ರಸ್ತೆಯಲ್ಲಿ ಪಳಗಿದ ಸಹನಾ ಪ್ರತಿ ತಿರುವಿಗೂ ಹಾರ್ನ್ ಒತ್ತುತ್ತಾ, ಎರಡನೇ ಗೇರಿನಲ್ಲಿ ತೆವಳಿದಳು. ಕೊಲ್ಲೂರು ಘಾಟಿಯ ತಲೆಗೆ ಬಂದಾಗ ಕದಿರಯ್ಯನ ವಾಚಿನಲ್ಲಿ ಐದೂ ಕಾಲಾಯಿತು. ಸುತ್ತ ದಟ್ಟ ಕಾಡು. ಮರಗಳ ಕೆಳಗೆ ಆಗಲೇ ಮಬ್ಬು.

"ಆಯ್ತು," ಎಂದ ಕದಿರಯ್ಯ.

ಹಿಂದಿನ ಸೀಟಿನಿಂದ ಪಾಪಕ್ಕ, "ಹೋಗ್ಲಿ ಬುಡು. ನೀರಾದ್ರೂ ನೋಡಾನ," ಎಂದಳು. ಸಹನಾ ಕನ್ನಡಿಯಲ್ಲಿ ನೋಡಿದಳು. ಅಮ್ಮ ಬುತ್ತಿಯ ಗಂಟನ್ನು ತೊಡೆಯಿಂದ ಇಳಿಸಿ ಕೆಳಗಿಟ್ಟಿದ್ದಳು.

ಕದಿರಯ್ಯ ಮುಂದೆ ನೋಡಿಕೊಂಡೇ ಹೇಳಿದ, "ನಂದೇ ತಪ್ಪು ಕಣೇ. ಅಕ್ಕನ ಮನೆತಾವ ನಿಲ್ಲುಸ್ಬಾರ್ದಾಗಿತ್ತು."

ಅಪ್ಪ ಅಮ್ಮನ ಹತ್ತಿರ ತಪ್ಪು ಒಪ್ಪಿಕೊಂಡದ್ದನ್ನು ಸಹನಾ ಕೇಳಿದ್ದು ಅದೇ ಮೊದಲು. ಬಚ್ಚಿಟ್ಟುಕೊಂಡ ಗಂಟೆಯಿಂದ ಇಬ್ಬರನ್ನೂ ಅಳಿಸುತ್ತಿದ್ದೇನೆ ಅನ್ನಿಸಿ, "ಇನ್ನೂ ಮುಳುಗಿಲ್ಲ ಅಮ್ಮ. ಅಲ್ಲಿ ಮುಳುಗೋದು ಆರೂವರೆಗೆ. ಐದೂ ಕಾಲು ನಮ್ಮ ಬೆಟ್ಟದ ಲೆಕ್ಕ," ಎಂದು ಒಂದೇ ಉಸಿರಿಗೆ ಹೇಳಿದಳು.

"ಸುಳ್ಳು ಹೇಳಿ ಸಮಾಧಾನ ಮಾಡ್ಬ್ಯಾಡ," ಎಂದ ಕದಿರಯ್ಯ. "ಕಣ್ಣಿಗೆ ಕಾಣಾಕಿಲ್ವಾ ಕತ್ತಲೆ?"

"ಕಾಡು ಅಪ್ಪ ಇದು. ಮರ."

"ಹೋಗ್ಲಿ ಬುಡವ್ವ, ನಿಧಾನುಕ್ಕೆ ಓಡ್ಸು," ಎಂದಳು ಪಾಪಕ್ಕ, ಮಗಳ ಬೆನ್ನು ಸವರಿ. ಸಮಾಧಾನ ಮಾಡಿಸಿಕೊಳ್ಳಬೇಕಾದವಳೇ ಸಮಾಧಾನ ಮಾಡಿದಳು. ಸಹನಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಘಾಟಿಯ ನಡುವೆ ಒಂದು ಮರಳಿನ ಲಾರಿ ತಿರುವಿಗೆ ಅಡ್ಡಲಾಗಿ ಕೆಟ್ಟು ನಿಂತಿತ್ತು. ಮುಂದೆ ಹತ್ತಾರು ಗಾಡಿ. ಈಗ ನಿಜವಾದ ಹೊತ್ತು ಕರಗತೊಡಗಿತು, ಮತ್ತು ಅದು ಗೊತ್ತಿದ್ದದ್ದು ಕಾರಿನಲ್ಲಿ ಒಬ್ಬಳಿಗೇ. ಮುಂದಿನ ಸೀಟಿನವನು ಇನ್ನೇನು ಅವಸರ ಎಂದು ಕಾಲು ಚಾಚಿದ್ದ. ಹಿಂದಿನ ಸೀಟಿನವಳು ಬುತ್ತಿ ಬಿಚ್ಚಿ, ಅಕ್ಕಪಕ್ಕದ ಗಾಡಿಯವರಿಗೂ ಕಡಲೆಕಾಯಿ ಉಂಡೆ ಹಂಚಿದಳು. ಸಹನಾ ಇಳಿದು ಹೋಗಿ ಲಾರಿಯವನನ್ನು ಬೈದು ಬಂದಳು. ಅವನೇನು ಮಾಡಿಯಾನು ಪಾಪ, ಆಕ್ಸಲ್ಲೇ ತುಂಡಾಗಿತ್ತು. ಗಾಡಿಗಳಿಂದ ಇಳಿದ ನಾಲ್ಕು ಜನ ಸೇರಿ ಪಕ್ಕದ ಕಲ್ಲುಗಳನ್ನು ಸರಿಸಿ, ಕಾರುಗಳು ಮಾತ್ರ ನುಸುಳುವಷ್ಟು ಜಾಗ ಮಾಡಿಕೊಟ್ಟರು.

ಬೈಂದೂರಿನ ಹೈವೇಗೆ ಬಿದ್ದಾಗ ಸಹನಾ ಗಡಿಯಾರ ನೋಡುವುದನ್ನೇ ಬಿಟ್ಟಳು. ಬಲಗಡೆ ತೆಂಗಿನ ತೋಟ, ಮನೆ, ಮತ್ತೆ ತೋಟ. ಮರಗಳ ಸಂದಿಯಲ್ಲಿ ಏನೋ ಹೊಳೆದು ಮರೆಯಾಗುತ್ತಿತ್ತು. ಕದಿರಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ತೋಟ ಮುಗಿಯಿತು, ಎಡಕ್ಕೆ ಹೊಳೆ ಬಂತು. ಬಲಕ್ಕೆ ಏನೂ ಅಡ್ಡವಿಲ್ಲದ ನೀರು, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಕೆಂಪು ಸೂರ್ಯ.

"ಅಯ್ಯೋ, ಐತಲ್ಲೇ," ಎಂದಳು ಪಾಪಕ್ಕ.

ಕಾರು ನಿಲ್ಲುವುದಕ್ಕೆ ಮೊದಲೇ ಬಾಗಿಲು ತೆಗೆದಳು. ಚಪ್ಪಲಿ ಒಂದು ಕಾರಿನಲ್ಲಿ ಉಳಿಯಿತು, ಒಂದು ಮರಳಿನಲ್ಲಿ ಬಿತ್ತು. ನೀರಿನ ಅಂಚಿಗೆ ಹೋಗಿ ನಿಂತವಳು ಅಲೆ ಬಂದು ಸೀರೆ ನೆನೆಸಿದರೂ ಹಿಂದೆ ಸರಿಯಲಿಲ್ಲ. ಅವಳ ಹಿಂದೆ ಕದಿರಯ್ಯ ಸೂರ್ಯನನ್ನೊಮ್ಮೆ, ವಾಚನ್ನೊಮ್ಮೆ ನೋಡಿದ.

"ನಿಂಗೆ ಮುಂಚೇನೇ ಗೊತ್ತಿತ್ತಾ?" ಎಂದು ಮಗಳನ್ನು ಕೇಳಿದ.

"ಜಗಲಿ ಮೇಲೆ ಕೂತಿದ್ದಾಗ್ಲೇ ಗೊತ್ತಿತ್ತು."

ಬೈಯಲು ಬಾಯಿ ತೆರೆದವನು ಒಂದು ಗಳಿಗೆ ಯೋಚನೆ ಮಾಡಿದ. "ಹೇಳಿದ್ರೆ ನಾನು ಹಿರಿಯೂರಾಗೂ ಒಂದು ಕಡೆ ನಿಲ್ಲುಸ್ತಿದ್ದೆ," ಎಂದು ತಾನೇ ಒಪ್ಪಿಕೊಂಡ.

ಸೂರ್ಯನ ಕೆಳಗಿನ ಅಂಚು ನೀರಿಗೆ ತಾಗಿತು. ಪಾಪಕ್ಕ ತಿರುಗದೆ ಕೇಳಿದಳು, "ದಿನಾ ಇಷ್ಟೊತ್ತು ಇರ್ತಿತ್ತಾ ಇದು?"

"ಇರ್ತಿತ್ತಮ್ಮ."

"ನಮ್ಮೂರಾಗೂ?"

"ಬೆಟ್ಟದ ಆ ಕಡೆ."

ಸೂರ್ಯನ ಅರ್ಧ ಹೋಯಿತು, ಕಾಲುಭಾಗ ಉಳಿಯಿತು, ಉಗುರಿನಷ್ಟು ಉಳಿಯಿತು. ಕೊನೆಯ ಚೂರು ಹೋದಾಗ ಪಾಪಕ್ಕ ಎರಡೂ ಕೈ ಎತ್ತಿ ಮುಗಿದಳು. ನೋಡಲು ಬಂದಿದ್ದ ಜನ ಮರಳು ಕೊಡವಿಕೊಂಡು ತಮ್ಮ ತಮ್ಮ ಗಾಡಿಗಳ ಕಡೆ ಹೊರಟರು. ಪಾಪಕ್ಕ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಒಣಮರಳಿನ ಮೇಲೆ ಕಾಲು ಚಾಚಿ ಕೂತಳು.

"ಏಳೇ, ಹೊತ್ತು ಮುಳುಗ್ತಲ್ಲ," ಎಂದ ಕದಿರಯ್ಯ. "ರೂಮು ನೋಡ್ಬೇಕು, ಊಟ ಆಗ್ಬೇಕು."

"ನಾನು ಏಳಾಕಿಲ್ಲ," ಎಂದಳು ಪಾಪಕ್ಕ. ಧ್ವನಿಯಲ್ಲಿ ಜಗಳವಿರಲಿಲ್ಲ. "ಹುಟ್ಟಿದಾಗ್ಲಿಂದ ದಿನಾ ಹೊತ್ತು ಮುಳುಗ್ತು, ಹೊತ್ತು ಮುಳುಗ್ತು ಅಂತ ಒಂದು ಗಂಟೆ ಮುಂಚೇನೇ ಹೋಗಿ ಒಲೆ ಮುಂದೆ ಕುಂತಿದೀನಿ. ಆ ಗಂಟೆ ಎಲ್ಲಾ ನಂಗೆ ಬರ್ಬೇಕು ಕಣಯ್ಯ. ಇವತ್ತು ಒಂದಾದ್ರೂ ಕೊಡು."

ಕದಿರಯ್ಯ ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡು, ಹೆಂಡತಿಯ ಪಕ್ಕದಲ್ಲಿ ಕುಕ್ಕರಿಸಿದ. ಸ್ವಲ್ಪ ಹೊತ್ತಾದ ಮೇಲೆ ಮಗಳ ಕಡೆ ತಿರುಗಿ, ಬುತ್ತಿಯಲ್ಲಿ ಉಂಡೆ ಮಿಕ್ಕಿದ್ದರೆ ತಗೊಂಡು ಬಾ ಎಂದ.