ಇಸ್ತ್ರಿ ಮಡಿಸಿದ ಪ್ಯಾರಾಚೂಟುಗಳು

ಅವನಿಗೆ ಹೆಂಡತಿ ಇರಲಿಲ್ಲ. ಮೂವತ್ತು ದಾಟಿದರೂ ಇಲ್ಲವಲ್ಲ ಎಂಬುದನ್ನು ರೆಜಿಮೆಂಟು ಇಷ್ಟು ದಿನ ತಮಾಷೆಯಾಗಿಯೇ ಇಟ್ಟುಕೊಂಡಿತ್ತು. ಪ್ಯಾರಾಚೂಟು ಮಡಿಸುವ ಮೂವರಲ್ಲಿ ಅವನ ಮಡಿಕೆಗೆ ಮಾತ್ರ ಸುಕ್ಕಿರುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ವಿಮಾನದಿಂದ ಹಾರುವವರು ಬೆನ್ನಿಗೆ ಚೀಲ ಏರಿಸುವ ಮುಂಚೆ "ಇದು ಇಸ್ತ್ರಿದಾ?" ಎಂದು ಕೇಳಿ, ಹೌದೆಂದರೆ ಮಾತ್ರ ನಗುತ್ತಿದ್ದರು.

ಈಗ ಉದ್ದನೆಯ ಮೇಜಿನ ಮೇಲೆ ಪ್ಯಾರಾಚೂಟಿನ ಬಟ್ಟೆ ಹರಡಿತ್ತು, ಎದುರಿಗೆ ಕ್ಯಾಪ್ಟನ್ ನಿಂತಿದ್ದರು. ಶುರುಮಾಡಿದ ಮಡಿಕೆ ಬಿಟ್ಟು ಹೋಗುವಂತಿಲ್ಲ. ಹೋದರೆ ಮೊದಲಿಂದ ಮಡಿಸಬೇಕು. ಅದು ಗೊತ್ತಿದ್ದೇ ಕ್ಯಾಪ್ಟನ್ ಈ ಹೊತ್ತಿಗೆ ಬಂದಿರಬೇಕು ಎಂದು ಅವನಿಗೆ ಅನಿಸಿತು. ಜಾಗ ಬಿಟ್ಟು ಅಲ್ಲಾಡಲಾರದವನ ಜೊತೆ ಮಾತಾಡುವುದು ಸುಲಭ.

"ಆಸ್ಪತ್ರೇಲಿ ನರ್ಸ್ ಮುಂದೆ ನೀನಂದಿದ್ದನ್ನ ನಮ್ಮೋರೊಬ್ರು ಕೇಳಿಸ್ಕೊಂಡಿದಾರೆ. ಆಪರೇಷನ್ ಆದೋನು ನನ್ನ ಮನೆಯವನು ಅಂದ್ಯಂತೆ. ನಿಯಮ ಗೊತ್ತಲ್ಲ, ಗಂಡಸಿನ ಜೊತೆ ಸಂಸಾರ ಮಾಡೋ ಗಂಡಸಿಗೆ ಸೈನ್ಯದಲ್ಲಿ ಜಾಗ ಇಲ್ಲ. ದೊಡ್ಡಪ್ಪನ ಮಗ ಅಂದ್ಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಪಕ್ಕದ ಮೇಜಿನಲ್ಲಿ ಮಡಿಸುತ್ತಿದ್ದ ಹಿರಿಯ, ಎಲ್ಲರ ಬಾಯಲ್ಲೂ ಮಾವ, ತಲೆಯೆತ್ತದೆ ಹೇಳಿದ: "ಅಂದ್ಬಿಡಪ್ಪಾ. ಎಲುಬಿಲ್ಲದ ನಾಲಿಗೆ. ನಾನು ನಿಮ್ಮತ್ತೆಗೆ ದಿನಾ ಅಡಿಗೆ ಚೆನ್ನಾಗಿದೆ ಅನ್ನಲ್ವಾ?"

ಇಸ್ತ್ರಿಯ ಅಂಗೈ ಬೆವರುತ್ತಿತ್ತು. ಬೆವರು ಬಟ್ಟೆಗೆ ತಾಗಬಾರದು. ಒಂದು ಕೈ ಮಡಿಕೆಯ ಮೇಲೊತ್ತಿ ಇನ್ನೊಂದನ್ನು ಅಂಗಿಗೆ ಒರೆಸಿಕೊಂಡ. ಈ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಮೊದಲ ದಿನ "ಸ್ನೇಹಿತ" ಎಂದದ್ದಕ್ಕೆ ನರ್ಸು ಅವನನ್ನು ಬಾಗಿಲಾಚೆ ನಿಲ್ಲಿಸಿದ್ದಳು. ಒಳಗೆ ಜೊತೆಗಾರ ಇದ್ದಾನೋ ಹೋದನೋ ಹೇಳುವವರೂ ಇರಲಿಲ್ಲ.

"ಸುಳ್ಳು ಹೇಳಿ ಒಂದ್ಸಲ ಬಾಗಿಲ ಹೊರಗೆ ನಿಂತಿದೀನಿ ಸರ್. ಇನ್ನೊಂದ್ಸಲ ಆಗಲ್ಲ. ಅವನು ನನ್ನ ಮನೆಯವನೇ. ನನ್ನ ಮಡಿಕೇಲಿ ತಪ್ಪು ಕಂಡಿದ್ರೆ ಹೇಳಿ."

"ಮಡಿಕೆ ಮಾತು ಯಾರು ಎತ್ತಿದ್ರು ಈಗ?"

"ಯಾರೂ ಎತ್ತಲಿಲ್ಲವಲ್ಲ ಸರ್. ಅದೇ ನಾನು ಕೇಳ್ತಿರೋದು."

ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡರು. "ಅದೊಂದು ಮುಗಿಸು" ಎಂದರು. ಬಾಗಿಲವರೆಗೆ ಹೋಗಿ ನಿಂತು, "ಬೇಡ, ಬಿಟ್ಬಿಡು" ಎಂದರು. ಅವನು ಕೈ ತೆಗೆದ.

ಪ್ರತಿ ಚೀಲಕ್ಕೂ ಮಡಿಸಿದವನ ಸಹಿ ಇರುತ್ತಿತ್ತು; ವಜಾ ಆದವನ ಸಹಿಯಿರುವ ಚೀಲ ಹೊತ್ತು ಯಾರೂ ಹಾರುವಂತಿರಲಿಲ್ಲ. ಮಧ್ಯಾಹ್ನ ಅವನು ಹೊರಗೆ ಜೀಪಿಗೆ ಕಾಯುತ್ತಿದ್ದಾಗ ಮಾವ ಅವನ ಚೀಲಗಳನ್ನು ಕಪಾಟಿನಿಂದ ಇಳಿಸಿ ಒಂದೊಂದಾಗಿ ಬಿಚ್ಚುವ ದಾರ ಎಳೆಯತೊಡಗಿದ. ಮರುದಿನ ಹಾರಬೇಕಿದ್ದವರು ಬಾಗಿಲಲ್ಲಿ ಗುಂಪುಗಟ್ಟಿದ್ದರು.

"ಹಂಗಾದ್ರೆ ನಾಳೆ ನಂದು ಯಾರು ಮಡಿಸ್ತಾರೆ?" ಎಂದು ಒಬ್ಬ ಕೇಳಿದ. ಮಾವ ಮುಂದಿನ ಚೀಲದ ದಾರ ಎಳೆದ. ಎಳೆದದ್ದೆಲ್ಲ ಎಲ್ಲೂ ಸಿಕ್ಕಿಕೊಳ್ಳದೆ, ತಡವರಿಸದೆ ಬಿಚ್ಚಿಕೊಂಡು ಸಿಮೆಂಟಿನ ಮೇಲೆ ಹರಡಿತು.

ಸಂಜೆಗೆ ಮೂವತ್ತೆಂಟು ಪ್ಯಾರಾಚೂಟು ನೆಲದ ಮೇಲಿದ್ದವು. ಮಡಿಸುವವರು ಇಬ್ಬರು ಉಳಿದಿದ್ದರು.