ಐದನೆಯ ಸೂರ್ಯನ ಎಸರು

"ಬಿರೀತಾವ," ಎಂದಳು ಮಹಾಂತಮ್ಮ, ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ.

ಎದುರಿಗೆ ಕೂತು ತನ್ನ ಕಥೆಯ ಹಾಳೆ ಓದಿ ಹೇಳುತ್ತಿದ್ದ ಮಗಳು ಶಿವಗಂಗಾ ತಲೆ ಎತ್ತಿದಳು. "ಏನು ಬಿರೀತಾವ ಯವ್ವಾ?"

"ನಿನ್ನ ಮನುಷ್ಯಾರು. ತಣ್ಣೀರಾಗ ನಾದಿದ ಜ್ವಾಳದ ಹಿಟ್ಟು ನಿಲ್ತದೇನು?"

ದೇವದುರ್ಗದಲ್ಲಿ ಮಹಾಂತಮ್ಮನ ರೊಟ್ಟಿಗೆ ಹೆಸರಿದೆ. ದಿನಾ ಬೆಳಗಿನ ಬಸ್ಸಿಗೆ ಇನ್ನೂರು ರೊಟ್ಟಿ ರಾಯಚೂರಿನ ಖಾನಾವಳಿಗಳಿಗೆ ಹೋಗುತ್ತವೆ. ಅವುಗಳಲ್ಲಿ ಅಂಚು ಒಡೆದದ್ದು ಒಂದನ್ನು ಹುಡುಕಿ ತೋರಿಸಲಿ ನೋಡೋಣ. ಇಪ್ಪತ್ತೆಂಟು ವರ್ಷ ಸುಡುವ ಹಿಟ್ಟು ನಾದಿ ನಾದಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿವೆ. ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆರಳ ಗುರುತೇ ಹತ್ತುವುದಿಲ್ಲ. ಅಂಗಡಿಯವನು ತಿಂಗಳು ತಿಂಗಳೂ ಗೊಣಗುತ್ತಾನೆ, ಅವಳು ಸೊಪ್ಪು ಹಾಕುವುದಿಲ್ಲ.

ಶಿವಗಂಗಾ ಮಾನ್ವಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರ ಪುರಾಣ ಓದಿ, ಅದರ ಗುಂಗಿನಲ್ಲೇ ಮೂರು ವರ್ಷ ಕೂತು ತನ್ನದೇ ಒಂದು ಲೋಕ ಕಟ್ಟಿದ್ದಳು, ಚಿತ್ರಕಥೆಯಾಗಿ. ಆ ಲೋಕದಲ್ಲಿ ನಾಲ್ವರು ಸೂರ್ಯರು ಹುಟ್ಟಿ ಆರಿದ್ದಾರೆ. ಒಬ್ಬೊಬ್ಬ ಸೂರ್ಯನ ಜೊತೆ ಒಂದೊಂದು ಮನುಕುಲ ಅಳಿದಿದೆ. ಐದನೆಯ ಸಲ ಗರಿ ಮೂಡಿದ ಹಾವಿನ ರೂಪದ ದೇವರು ಪಾತಾಳಕ್ಕಿಳಿಯುತ್ತಾನೆ. ಅಜ್ಟೆಕ್ಕರ ಕಥೆಯಲ್ಲಿ ಅವನು ತರುವುದು ಎಲುಬು, ದೇವಿಯೊಬ್ಬಳು ಅದನ್ನು ಅರೆದು ಹಿಟ್ಟು ಮಾಡುತ್ತಾಳೆ. ಶಿವಗಂಗಾಳ ಕಥೆಯಲ್ಲಿ ಅವನು ತರುವುದು ಬಿಳಿಜೋಳ. ಹಿಂದಿನ ನಾಲ್ಕು ಸಲದಂತೆ ಈ ಸಲವೂ ದೇವರುಗಳು ಅದರ ಹಿಟ್ಟು ನಾದಿಯೇ ಮನುಷ್ಯರನ್ನು ಮಾಡುತ್ತಾರೆ.

ರಾಯಚೂರಿನ ಪ್ರಕಾಶಕ ಹಫೀಜ್ ಸಾಹೇಬರು ಅದನ್ನು ಒಮ್ಮೆ ವಾಪಸು ಕೊಟ್ಟಿದ್ದರು. "ಚಿತ್ರ ಛಲೋ ಅವರೀ. ಆದ್ರ ನಾಕು ಸಲ ಅಳಿದೋರು ಐದನೇ ಸಲ ಹ್ಯಾಂಗ ಉಳಿದ್ರು? ದೇವರ ಮರ್ಜಿ ಅಂದ್ರ ಓದೋರು ಒಪ್ಪಂಗಿಲ್ಲ. ಭಾನುವಾರ ಇನ್ನೊಮ್ಮೆ ತರ್ರಿ. ಆಗೂ ಕೂಡಲಿಲ್ಲ ಅಂದ್ರ ನನ್ನ ಕಡಿಂದ ಆಗಂಗಿಲ್ಲ." ಅಂದಿನಿಂದ ಹುಡುಗಿ ಸರಿಯಾಗಿ ಉಂಡಿರಲಿಲ್ಲ. ಅದಕ್ಕೇ ತಾಯಿ, ಎಂದೂ ಇಲ್ಲದವಳು, "ಓದು, ಕೇಳ್ತೀನಿ" ಎಂದಿದ್ದು.

"ಜ್ವಾಳದಾಗ ಜಿಗಿ, ಅಂಟು ಎಲ್ಲಿರ್ತದ?" ಎಂದಳು ಮಹಾಂತಮ್ಮ. "ಕುದಿಯೋ ಎಸರು ಹಾಕಿದ್ರ ಬರ್ತದ. ನಾಕು ಸಲಾನೂ ನಿನ್ನ ದೇವ್ರು ಕೈ ಸುಡ್ತದಂತ ಅಂಜಿ ತಣ್ಣೀರು ಹಾಕ್ಯಾರ, ಅಷ್ಟ. ಅದಕ್ಕ ಬಿರದು ಹೋಗ್ಯಾರ."

ಶಿವಗಂಗಾ ಹಾಳೆ ಕೆಳಗಿಟ್ಟಳು. ಆಮೇಲೆ ಎದ್ದು ಪೆನ್ಸಿಲ್ ಹುಡುಕಿದಳು. ಅಂದು ಮಧ್ಯಾಹ್ನ ಒಲೆಯ ಪಕ್ಕದಲ್ಲೇ ಕೂತು ತಾಯಿ ನಾದುವುದನ್ನು ಕಣ್ಣು ಕೀಳದೆ ನೋಡುತ್ತಾ ಬರೆದಳು. ಎರಡು ರೊಟ್ಟಿ ಹೆಚ್ಚಿಗೇ ತಿಂದಳು.

ಭಾನುವಾರ ಒಲೆ ಹೊತ್ತಿಸದೆ ಮಹಾಂತಮ್ಮ ಮಗಳ ಜೊತೆ ರಾಯಚೂರಿನ ಬಸ್ಸು ಹತ್ತಿದಳು. ಹಫೀಜ್ ಸಾಹೇಬರು ಕೆಂಪು ಪೆನ್ನು ಹಿಡಿದು ಹಾಳೆ ಮಗುಚುತ್ತಾ ಹೋದರು. ಬೇರೆ ದೇವರುಗಳೆಲ್ಲ ಹಿಂದೆ ಸರಿದಾಗ ಹಿಟ್ಟು ಬೀಸುವ ದೇವಿಯೊಬ್ಬಳೇ ಕುದಿಯುವ ಎಸರಿಗೆ ಕೈ ಹಾಕುವ ಪುಟ ಬಂತು. ಅಲ್ಲಿ ನಿಂತರು.

"ಈ ಎಸರಿನ ಮಾತು ಮೆಕ್ಸಿಕೋದೋರ ಪುರಾಣದಾಗ ಅದ ಏನ್ರೀ?"

"ಇಲ್ರೀ ಸರ್. ಅದು ನಮ್ಮವ್ವ ಹೇಳಿದ್ದು."

ಮಹಾಂತಮ್ಮನಿಗೆ ಎದೆ ತುಂಬಿ ಬಂತು. ಅಕ್ಷರ ಬಾರದ ತನ್ನ ಮಾತು ಪುಸ್ತಕದಲ್ಲಿ ಕೂತಿದೆಯಲ್ಲ ಎಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಈಗ ಕೂಡ್ತು ನೋಡ್ರಿ. ಅಚ್ಚಿಗೆ ಹಾಕೋಣು," ಎಂದರು ಸಾಹೇಬರು. ಆಮೇಲೆ ಕೊನೆಯ ಪುಟದ ಮೇಲೆ ಪೆನ್ನು ಇಟ್ಟರು. ಪುಟದ ತುಂಬ ದೇವಿಯ ಅಂಗೈ. "ಒಂದು ತಪ್ಪು ಉಳದದ. ಇಷ್ಟು ದೊಡ್ಡ ಕೈ ಬರದೀರಿ, ಬೆರಳಿನ ತುದಿ ಗೆರಿನ ಬಿಟ್ಟೀರಿ. ತುಂಬ್ರಿ."

ಶಿವಗಂಗಾ ತಾಯಿಯ ಕಡೆ ನೋಡಿದಳು. ಮಹಾಂತಮ್ಮ ಮುಂದೆ ಬಾಗಿ ತನ್ನ ಬಲಗೈಯನ್ನು ಚಿತ್ರದ ಪಕ್ಕದಲ್ಲಿ ಅಂಗಾತ ಇಟ್ಟಳು.

"ಬ್ಯಾಡ್ರೀ ಸಾಹೇಬ್ರ. ಸರಿನ ಅದ."

ಹಫೀಜ್ ಸಾಹೇಬರು ಚಿತ್ರ ನೋಡಿದರು, ಕೈ ನೋಡಿದರು. ಕೆಂಪು ಪೆನ್ನಿನ ಮುಚ್ಚಳ ಮುಚ್ಚಿದರು. ಮಹಾಂತಮ್ಮ ಕೈಯನ್ನು ಹಾಳೆಯ ಮೇಲೆ ಹಾಗೆಯೇ ಬಿಟ್ಟಿದ್ದಳು.